ದಾವಣಗೆರೆಯಲ್ಲಿ ಕೂತು ಮಾಡ್ಯುಲರ್ ಸಿಂಥಸೈಜರ್ ಕಲಿಯೋದು ಹೇಗೆ?

ಮಾಡ್ಯುಲರ್ ಸಿಂಥಸೈಜರ್ ಅಂದರೆ ಮಾಡ್ಯೂಲ್ ಅನ್ನೋ ಬಿಡಿ ಘಟಕಗಳನ್ನು ತಂತಿಯಿಂದ ಜೋಡಿಸಿ ನಾದ ಹುಟ್ಟಿಸುವ ವಿದ್ಯುತ್ ವಾದ್ಯ. ಮೊದಲು ಏನನ್ನೂ ಕೊಳ್ಳಬೇಡಿ. ಲ್ಯಾಪ್‌ಟಾಪ್‌ಗೆ ವಿಸಿವಿ ರ‍್ಯಾಕ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ; ಅದೇ ವಾದ್ಯ ಪರದೆಯ ಮೇಲೆ ಸಿಗುತ್ತದೆ. ಉಚಿತ ಆವೃತ್ತಿಯೇ ಸಾಕು. ನಮ್ಮೂರಿನ ವಾದ್ಯದ ಅಂಗಡಿಯಲ್ಲಿ ಹಾರ್ಮೋನಿಯಂ, ಕೀಬೋರ್ಡ್ ಸಿಗುತ್ತವೆ. ಮಾಡ್ಯೂಲ್ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ, ಅಷ್ಟೇ.

ಸಾಫ್ಟ್‌ವೇರ್‌ನಲ್ಲಿ ಕಲಿತಿದ್ದು ಮುಂದೆ ನಿಜವಾದ ಪೆಟ್ಟಿಗೆಗೂ ಬರುತ್ತಾ? ಬರುತ್ತದೆ. ಇಲ್ಲಿ ಎಲ್ಲವೂ ವೋಲ್ಟೇಜ್ ಲೆಕ್ಕ. ಯೂರೋರ‍್ಯಾಕ್ ಅನ್ನೋ, ಇಂಥ ಮಾಡ್ಯೂಲ್‌ಗಳ ಸಾಮಾನ್ಯ ಪದ್ಧತಿಯಲ್ಲಿ 1 ವೋಲ್ಟ್ ಏರಿಸಿದರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತದೆ. ಪರದೆಯ ಮೇಲೂ ಅದೇ ಲೆಕ್ಕ.

ಮೊದಲ ವಾರ ಐದೇ ಮಾಡ್ಯೂಲ್ ಇಟ್ಟುಕೊಳ್ಳಿ. ನಾದ ಹುಟ್ಟಿಸುವ ವಿಸಿಒ, ಅದರ ಜೋರು ನಿಯಂತ್ರಿಸುವ ವಿಸಿಎ, ಕೊನೆಗೆ ಶಬ್ದವನ್ನು ಸ್ಪೀಕರ್‌ಗೆ ಕಳಿಸುವ ಆಡಿಯೋ. ಈ ಮೂರನ್ನೇ ಸಾಲಾಗಿ ಜೋಡಿಸಿದರೆ ಗಿರಣಿ ಸೈರನ್ ತರ ಒಂದೇ ಸಮ ಕೂಗುತ್ತೆ. ಈಗ ನಾಲ್ಕನೆಯದು, ಎಡಿಎಸ್ಆರ್. ಇದರ ತಂತಿಯನ್ನು ವಿಸಿಎಗೆ ಕೊಡಿ. ತೋಟದ ಪೈಪಿನ ವಾಲ್ವ್ ತಿರುಗಿಸಿದ ಹಾಗೆ ಇದು ಶಬ್ದವನ್ನು ತೆರೆದು ಮುಚ್ಚುತ್ತದೆ. ಯಾವಾಗ ತೆರೆಯಬೇಕು ಅಂತ ಹೇಳಲು ಐದನೆಯದು, ಕೀಲಿ ಒತ್ತಿದ್ದನ್ನು ವೋಲ್ಟೇಜ್ ಮಾಡುವ ಮಿಡಿ-ಸಿವಿ. ಕೀಲಿ ಒತ್ತಿದೆಯೋ ಬಿಟ್ಟಿದೆಯೋ ಅಂತ ತಿಳಿಸುವ ಇದರ ಗೇಟ್ ತಂತಿಯನ್ನು ಎಡಿಎಸ್ಆರ್‌ಗೆ ಕೊಡಿ. ಕಂಪ್ಯೂಟರ್ ಕೀಲಿಮಣೆಯನ್ನೇ ಹಾರ್ಮೋನಿಯಂ ಮನೆಗಳ ಹಾಗೆ ಒತ್ತಬಹುದು. ಟಕ್ ಅಂತ ತೆರೆದರೆ ತಂತಿ ಮೀಟಿದಂತೆ, ನಿಧಾನ ತೆರೆದರೆ ಕೊಳಲಿಗೆ ಉಸಿರು ತುಂಬಿದಂತೆ. ಜೊತೆಗೆ ಸ್ಕೋಪ್ ಮಾಡ್ಯೂಲ್ ಹಾಕಿದರೆ ಅಲೆ ಕಣ್ಣಿಗೇ ಕಾಣುತ್ತೆ. ಹತ್ತು ವಿಡಿಯೋಗಿಂತ ಇದು ಜಾಸ್ತಿ ಕಲಿಸುತ್ತೆ ಅನ್ನೋದು ನನ್ನ ಅನುಭವ.

ಓದಬೇಕು ಅನ್ನಿಸಿದರೆ ಜರ್ಮನಿಯ ಡೋಪ್ಫರ್ ಕಂಪನಿಯ ಎ-100 ಕೈಪಿಡಿಗಳನ್ನು ನೋಡಿ. ಯೂರೋರ‍್ಯಾಕ್ ಶುರು ಮಾಡಿದವರೇ ಅವರು. ಕೈಪಿಡಿಗಳು ಅವರ ಜಾಲತಾಣದಲ್ಲೇ ಉಚಿತ, ಇಂಗ್ಲಿಷ್ ಮಾತ್ರ ಸ್ವಲ್ಪ ಒಣಕಲು.