ಊರಿನ ಎಫ್‌ಎಂ, ಹತ್ತು ಸೆಕೆಂಡಿನ ವ್ಯಾಪಾರ

ಖಾಸಗಿ ಎಫ್‌ಎಂ ಕೇಂದ್ರಗಳ ಬಗ್ಗೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬೈಗುಳ, ಉಳಿದರ್ಧ ಪ್ರಶ್ನೆ. ಬೈಗುಳದಲ್ಲಿ ಬಹುಪಾಲು ನ್ಯಾಯವಾದದ್ದೇ. ಹದಿನೆಂಟು ವರ್ಷ ಇದೇ ಕೇಂದ್ರಗಳಲ್ಲಿ ಮೊದಲು ಜಾಹೀರಾತು ಮಾರಿ, ಆಮೇಲೆ ಕಾರ್ಯಕ್ರಮ ವಿಭಾಗ ನೋಡಿಕೊಂಡವನಾದ್ದರಿಂದ ಅದರಲ್ಲಿ ನನ್ನ ಪಾಲೂ ಇದೆ. ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಬೆಳಿಗ್ಗೆ ಕೇಳಿದ ಹಾಡೇ ಮಧ್ಯಾಹ್ನವೂ ಬರುತ್ತದೆ, ಸಂಜೆಯೂ ಬರುತ್ತದೆ. ಸುದ್ದಿ ಮಾತ್ರ ಒಂದೂ ಇಲ್ಲ. ಊರಿನಲ್ಲಿ ಏನು ನಡೆಯುತ್ತಿದೆ ಎಂದು ಹೇಳಲು ಇವರಿಗೇನು ಕಷ್ಟ?
— ನಿವೃತ್ತ ಶಿಕ್ಷಕಿ, ಮೈಸೂರು

ಹಾಡಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಕೇಳುಗರು ಒಮ್ಮೆಗೆ ಇಪ್ಪತ್ತು ನಿಮಿಷ, ಅರ್ಧ ಗಂಟೆ ಕೇಳಿ ಹೋಗುತ್ತಾರೆ ಎಂಬ ಎಣಿಕೆಯ ಮೇಲೆ ಕೇಂದ್ರದ ಹಾಡಿನ ಪಟ್ಟಿ ತಯಾರಾಗುತ್ತದೆ. ಆ ಅರ್ಧ ಗಂಟೆಯಲ್ಲಿ ಜನಪ್ರಿಯ ಹಾಡೊಂದು ಕಿವಿಗೆ ಬೀಳದಿದ್ದರೆ ಅವರು ಪಕ್ಕದ ಕೇಂದ್ರಕ್ಕೆ ಹೋಗುತ್ತಾರೆ ಎಂಬುದು ಭಯ. ಹಾಗಾಗಿ ಬಿಸಿಬಿಸಿಯಾಗಿರುವ ಕೆಲವೇ ಹಾಡುಗಳು ಗಂಟೆಗಂಟೆಗೂ ಸುತ್ತುತ್ತಿರುತ್ತವೆ. ಅಡುಗೆಮನೆಯಲ್ಲಿ ದಿನವಿಡೀ ರೇಡಿಯೊ ಹಚ್ಚಿಡುವ ನಿಮ್ಮಂಥವರಿಗೆ ಅದು ಶಿಕ್ಷೆಯೇ ಸರಿ.

ಸುದ್ದಿಯದು ಕಾನೂನಿನ ಮಾತು. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು, ಸರ್ಕಾರದ ಏಕಸ್ವಾಮ್ಯವಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಆದರೆ ಪರವಾನಗಿಯ ಜೊತೆಗೇ ಸುದ್ದಿ ಓದಕೂಡದು ಎಂಬ ಷರತ್ತೂ ಬಂತು. ಖಾಸಗಿ ಎಫ್‌ಎಂ ಪರವಾನಗಿಯ ಮೂರನೇ ಹಂತಕ್ಕೆಂದು ಸರ್ಕಾರ 2011ರಲ್ಲಿ ತಂದ ನೀತಿಯಲ್ಲಿ ಅದು ಕೊಂಚ ಸಡಿಲಗೊಂಡು, ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಲು ಅವಕಾಶವಾಯಿತು. ಸಂಚಾರ, ಹವಾಮಾನ, ಪರೀಕ್ಷೆ ಮತ್ತು ಫಲಿತಾಂಶ, ಉದ್ಯೋಗಾವಕಾಶ, ಪಾಲಿಕೆಯ ನೀರು–ವಿದ್ಯುತ್ ಪ್ರಕಟಣೆ, ಸ್ಥಳೀಯ ಉತ್ಸವ, ಪ್ರಕೃತಿ ವಿಕೋಪದ ಎಚ್ಚರಿಕೆ ಇವೆಲ್ಲ 'ಸುದ್ದಿಯಲ್ಲ' ಎಂದು ಅದೇ ನೀತಿ ಬಿಡಿಸಿ ಹೇಳಿತು. ಅಂದರೆ ನಾಳೆ ನಿಮ್ಮ ಬಡಾವಣೆಗೆ ನೀರು ಬರುವುದಿಲ್ಲ ಎಂದು ಕಾರ್ಯಕ್ರಮ ನಡೆಸುವ ಆರ್‌ಜೆ ಹೇಳಬಹುದು. ನೀರು ಯಾಕೆ ಬರುವುದಿಲ್ಲ ಎಂದು ಪಾಲಿಕೆ ಸದಸ್ಯರನ್ನು ಸ್ಟುಡಿಯೊಗೆ ಕರೆಸಿ ಕೇಳಹೊರಟರೆ ಕಚೇರಿಯಲ್ಲಿ ಎಲ್ಲರೂ ಪರವಾನಗಿಯ ಪ್ರತಿ ಹುಡುಕತೊಡಗುತ್ತಾರೆ.

ಗಂಟೆಗೆ ಹತ್ತು ನಿಮಿಷದವರೆಗೆ ಸ್ವಂತ ಸುದ್ದಿಗೆ ಅವಕಾಶ ಕೊಡಬಹುದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2023ರಲ್ಲಿ ಶಿಫಾರಸು ಮಾಡಿತು. ಶಿಫಾರಸು ಶಿಫಾರಸೇ, ನಿಯಮವಲ್ಲ.

ಇಷ್ಟು ಹೇಳಿ ನಮ್ಮವರನ್ನು ತಪ್ಪಿನಿಂದ ಪಾರು ಮಾಡಿದಂತಾಗಬಾರದು. ಅನುಮತಿ ಇರುವ ನೀರು, ವಿದ್ಯುತ್, ಪರೀಕ್ಷೆಯ ಮಾಹಿತಿಯನ್ನಾದರೂ ಎಷ್ಟು ಕೇಂದ್ರಗಳು ನೆಟ್ಟಗೆ ಹೇಳುತ್ತವೆ? ಅದಕ್ಕೆ ಊರಿನಲ್ಲೇ ಓಡಾಡುವ ಒಬ್ಬ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು. ಮೂರನೇ ಹಂತದ ನೀತಿ ಒಂದೇ ಕಂಪನಿಯ ಕೇಂದ್ರಗಳೆಲ್ಲ ದೇಶದಾದ್ಯಂತ ಕಾರ್ಯಕ್ರಮ ಹಂಚಿಕೊಳ್ಳಬಹುದು ಎಂದಿತು. ಒಂದು ಕಡೆ ಮಾತನಾಡಿದ್ದನ್ನು ನಾಲ್ಕು ಊರಿಗೆ ಬಿಟ್ಟರೆ ಮೂರು ಸಂಬಳ ಉಳಿಯುತ್ತದೆ. ಆ ಉಳಿತಾಯ ಎಲ್ಲಿಗೆ ಬಂದು ತಟ್ಟುತ್ತದೆ ಎಂಬುದು ಮುಂದಿನ ಉತ್ತರದಲ್ಲಿದೆ.

ಎಫ್‌ಎಂನವರು ಬಂದು ತಿಂಗಳಿಗೆ 60 ಸ್ಪಾಟ್ (ಅಂದರೆ 60 ಸಲ ಜಾಹೀರಾತು), ಮೇಲೆ 60 ಬೋನಸ್ ಸ್ಪಾಟ್ ಎಂದು ಪ್ಯಾಕೇಜ್ ಹೇಳುತ್ತಿದ್ದಾರೆ. ಎಷ್ಟು ಜನ ಕೇಳುತ್ತಾರೆ ಎಂದರೆ ಲಕ್ಷಗಟ್ಟಲೆ ಎನ್ನುತ್ತಾರೆ. ನಂಬಬಹುದೇ?
— ಜವಳಿ ವ್ಯಾಪಾರಿ, ಕಲಬುರಗಿ

ಆ 'ಲಕ್ಷಗಟ್ಟಲೆ' ಸಾಮಾನ್ಯವಾಗಿ ಊರಿನ ಜನಸಂಖ್ಯೆ, ಕೇಳುಗರ ಸಂಖ್ಯೆಯಲ್ಲ. ಆಯ್ದ ಜನರಿಗೆ ಡೈರಿ ಕೊಟ್ಟು, ಯಾವ ಹೊತ್ತಿಗೆ ಯಾವ ಕೇಂದ್ರ ಕೇಳಿದಿರಿ ಎಂದು ಬರೆಸಿಕೊಳ್ಳುವ 'ರ್‍ಯಾಮ್' ಎಂಬ ಅಳತೆ ಬೆಂಗಳೂರು, ಮುಂಬೈ, ದೆಹಲಿ, ಕೋಲ್ಕತ್ತಾಗಳಿಗಷ್ಟೇ ಸೀಮಿತವಾಗಿತ್ತು. ಕಲಬುರಗಿಯಂಥ ಊರಿನಲ್ಲಿ ಮಾರಾಟಕ್ಕೆ ಬರುವ ಹುಡುಗನ ಕೈಯಲ್ಲಿ ಅಂಥ ಡೈರಿಯ ಲೆಕ್ಕವಿರುವುದಿಲ್ಲ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದಲ್ಲ, ಅವನಿಗೂ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ, ಆದರೂ ಹೇಳುತ್ತಿದ್ದೆ.

ಅಳತೆಯನ್ನು ನೀವೇ ಮಾಡಿಕೊಳ್ಳಿ. ರೇಡಿಯೊದಲ್ಲಿ ಮಾತ್ರ ಹೇಳುವ, ಬೋರ್ಡಿನಲ್ಲಿ, ಪತ್ರಿಕೆಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಎಲ್ಲೂ ಹಾಕದ ಒಂದು ಸಣ್ಣ ಕೊಡುಗೆ ಇಡಿ. ಅದನ್ನು ಕೇಳಿಕೊಂಡು ಬಂದವರನ್ನು ಗಲ್ಲಾಪೆಟ್ಟಿಗೆಯ ಬಳಿ ಒಂದು ಪುಸ್ತಕದಲ್ಲಿ ಗೀಟು ಹಾಕಿ ಎಣಿಸಿ. ಹದಿನೈದು ದಿನದ ಗೀಟುಗಳು ಯಾವ ಪ್ರೆಸೆಂಟೇಷನ್‌ಗಿಂತಲೂ ಹೆಚ್ಚು ನಿಜ ಹೇಳುತ್ತವೆ.

ಇನ್ನು ಬೋನಸ್. ಜಾಹೀರಾತಿನ ಸಮಯವನ್ನು ನಾವು 'ಫ್ರೀ ಕಮರ್ಷಿಯಲ್ ಟೈಮ್', ಎಫ್‌ಸಿಟಿ ಎನ್ನುತ್ತೇವೆ. ದುಡ್ಡು ಕೊಟ್ಟು ಕೊಳ್ಳುವ ಸಮಯಕ್ಕೆ ಫ್ರೀ ಎಂದು ಯಾರು ಹೆಸರಿಟ್ಟರೋ! ಬೆಳಿಗ್ಗೆ ಏಳರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತು ಇವು ಬೆಲೆಯುಳ್ಳ ಹೊತ್ತು. ಬೋನಸ್ ಸ್ಪಾಟ್‌ಗಳು ಎಲ್ಲಿ ಜಾಗ ಖಾಲಿಯೋ ಅಲ್ಲಿ ಬೀಳುತ್ತವೆ. ಖಾಲಿ ಇರುವುದು ರಾತ್ರಿ ಹನ್ನೊಂದರ ಮೇಲೆ. ನನ್ನ ಆರಂಭದ ದಿನಗಳಲ್ಲಿ ಆಭರಣದ ವ್ಯಾಪಾರಿಯೊಬ್ಬರಿಗೆ ಹೀಗೇ ಧಾರಾಳವಾಗಿ ಬೋನಸ್ ಕೊಟ್ಟಿದ್ದೆ. ಅವರು ಒಂದು ವಾರ ರಾತ್ರಿ ಎದ್ದು ಕುಳಿತು, ಪ್ರತಿ ಸ್ಪಾಟ್ ಬಂದ ಗಂಟೆ–ನಿಮಿಷವನ್ನು ಹಳೆಯ ಖಾತೆ ಪುಸ್ತಕದ ಅಂಚಿನಲ್ಲಿ ಬರೆದು ತಂದು ನನ್ನ ಮೇಜಿನ ಮೇಲಿಟ್ಟರು. "ನೋಡಪ್ಪಾ, ನೀನು ಕೊಟ್ಟ ಬೋನಸ್ ಕೇಳಲು ಇಡೀ ಊರಿನಲ್ಲಿ ನಾನೊಬ್ಬನೇ ಎದ್ದಿದ್ದೆ" ಎಂದರು. ನೀವು ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಆರ್ಡರ್ ಪತ್ರದಲ್ಲಿ ಯಾವ ಹೊತ್ತಿಗೆ ಎಷ್ಟು ಸ್ಪಾಟ್ ಎಂದು ಬರೆಸಿಕೊಳ್ಳಿ, ಬಿಲ್ಲಿನ ಜೊತೆ ಪ್ರಸಾರವಾದ ಸಮಯದ ಪಟ್ಟಿ ಕೇಳಿ. ಅದು ನಿಮ್ಮ ಹಕ್ಕು.

ಅರವತ್ತು ಸ್ಪಾಟ್‌ಗಳನ್ನು ಮೂವತ್ತು ದಿನಕ್ಕೆ ಹರಡಿದರೆ ದಿನಕ್ಕೆ ಎರಡು. ಅದು ಬಂತೋ ಇಲ್ಲವೋ ಎಂದು ನಿಮ್ಮ ಮನೆಯವರಿಗೂ ತಿಳಿಯುವುದಿಲ್ಲ. ಅದೇ ಅರವತ್ತನ್ನು ಹಬ್ಬದ ಅಥವಾ ಲಗ್ನದ ಸುಗ್ಗಿಗೆ ಮುಂಚಿನ ಹತ್ತು ದಿನಕ್ಕೆ ಇಟ್ಟುಕೊಳ್ಳಿ. ದಿನಕ್ಕೆ ಆರಾಗುತ್ತದೆ, ಬೆಳಿಗ್ಗೆ ಮೂರು, ಸಂಜೆ ಮೂರು. ಆಗ ಕಿವಿಗೆ ಬೀಳುತ್ತದೆ.

ನೀವು ಕಳುಹಿಸಿದ ಜಾಹೀರಾತಿನ ಒಕ್ಕಣೆಯನ್ನು ಗಡಿಯಾರ ಹಿಡಿದು ಓದಿದೆ. ಸೀರೆ, ಡ್ರೆಸ್ ಮೆಟೀರಿಯಲ್, ಮಕ್ಕಳ ಉಡುಪು, ಪುರುಷರ ಉಡುಪು, 'ಎಲ್ಲವೂ ಒಂದೇ ಸೂರಿನಡಿ', ವಿಳಾಸ, ಆಮೇಲೆ ಮೊಬೈಲ್ ಸಂಖ್ಯೆ. ಇಪ್ಪತ್ತಾರು ಸೆಕೆಂಡ್ ಹಿಡಿಯಿತು. ನೀವು ಕೊಂಡಿರುವುದು ಹತ್ತು. ಹತ್ತು ಸೆಕೆಂಡಿನಲ್ಲಿ ಕನ್ನಡದ ಇಪ್ಪತ್ತು ಪದಗಳನ್ನು ಉಸಿರಾಡುತ್ತಾ ಹೇಳಬಹುದು, ಅದಕ್ಕಿಂತ ಹೆಚ್ಚು ತುರುಕಿದರೆ ಹರಾಜು ಕೂಗಿದಂತಾಗುತ್ತದೆ. ಹತ್ತಂಕಿಯ ಮೊಬೈಲ್ ಸಂಖ್ಯೆಯೊಂದೇ ನಾಲ್ಕೈದು ಸೆಕೆಂಡ್ ನುಂಗುತ್ತದೆ, ಬೈಕ್ ಓಡಿಸುತ್ತಿರುವವನು ಅದನ್ನು ಬರೆದುಕೊಳ್ಳುವುದೂ ಇಲ್ಲ. ಸಂಖ್ಯೆ ತೆಗೆಯಿರಿ. ಪಟ್ಟಿ ತೆಗೆಯಿರಿ. ಒಂದೇ ಸಾಮಾನು, ಒಂದೇ ಗುರುತು: "ಮಗಳ ಮದುವೆ ಗೊತ್ತಾಯಿತೇ? ಛತ್ರ ಆಮೇಲೆ ನೋಡಿದರಾಯಿತು. ಮೊದಲು ಸೀರೆ." ಬಳಿಕ ಅಂಗಡಿಯ ಹೆಸರು, ಎದುರಿಗಿರುವ, ಎಲ್ಲರಿಗೂ ಗೊತ್ತಿರುವ ಕಟ್ಟಡದ ಹೆಸರು. ಇಷ್ಟು ಸಾಕು.

ಕೊನೆಯದಾಗಿ, ದುಡ್ಡು ಸ್ವಲ್ಪವೇ ಇದ್ದರೆ ಧ್ವನಿಮುದ್ರಿತ ಸ್ಪಾಟ್ ಬಿಟ್ಟು ಆರ್‌ಜೆ ಬಾಯಲ್ಲಿ ಹೇಳಿಸುವುದನ್ನು ಕೇಳಿ ನೋಡಿ. ಆದರೆ ಕೇಳುವ ಮುನ್ನ ಒಂದು ವಿಚಾರಿಸಿ: ಆ ಆರ್‌ಜೆ ನಿಮ್ಮ ಊರಿನಲ್ಲಿದ್ದಾರೆಯೇ? ನಿಮ್ಮ ಅಂಗಡಿಗೆ ಬಂದು, ಸೆರಗು ಮುಟ್ಟಿ ನೋಡಿ, ನಾಳೆ ಬೆಳಿಗ್ಗೆ ನಿಮ್ಮ ಕಡೆಯ ಕನ್ನಡದಲ್ಲಿ ಅದನ್ನು ಹೇಳಬಲ್ಲವರೇ? ಬೆಂಗಳೂರಿನ ಸ್ಟುಡಿಯೊದಲ್ಲಿ ಕುಳಿತು ನಿಮ್ಮ ಅಂಗಡಿಯ ಹೆಸರನ್ನು ಕಾಗದ ನೋಡಿ ಓದುವವರಾದರೆ ಕೇಳುಗರಿಗೆ ಎರಡೇ ಮಾತಿನಲ್ಲಿ ಗೊತ್ತಾಗುತ್ತದೆ. ಸಂಬಳ ಉಳಿಸಿದ ಕೇಂದ್ರ ತಾನು ಮಾರಬೇಕಾದ ಸರಕನ್ನೇ ಕಳೆದುಕೊಳ್ಳುವುದು ಇಲ್ಲಿ. ಹಾಡು ಮೊಬೈಲಿನಲ್ಲಿ ಎಲ್ಲರಿಗೂ ಸಿಗುತ್ತದೆ. ಊರಿನ ಮಾತು ಸಿಗುವುದಿಲ್ಲ, ವ್ಯಾಪಾರಿ ದುಡ್ಡು ಕೊಡುವುದೂ ಅದರ ಪಕ್ಕದಲ್ಲಿ ಕೂರಲಿಕ್ಕೆ.

ಮಂಗಳೂರಿನ ಕೇಂದ್ರಗಳು ನಮ್ಮ ಮಹಡಿಯ ಮೇಲೆ ಚೆನ್ನಾಗಿ ಬರುತ್ತವೆ, ಕೆಳಗಿಳಿದರೆ ಕರಕರ. ಬೇಸಿಗೆಯ ಕೆಲವು ರಾತ್ರಿ ಅದೇ ಜಾಗದಲ್ಲಿ ಕೇಳದ ಭಾಷೆಯ ಕೇಂದ್ರವೊಂದು ಬಂದು ಕೂರುತ್ತದೆ. ಏನಿದು?
— ಬ್ಯಾಂಕ್ ನೌಕರರು, ಉಡುಪಿ ಹತ್ತಿರ

ಎಫ್‌ಎಂ ತರಂಗ ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರವಾಗಿ ಹೋಗುತ್ತದೆ. ನೂರು ಮೀಟರ್ ಎತ್ತರದ ಗೋಪುರದಿಂದ ಸಮತಟ್ಟಾದ ನೆಲದಲ್ಲಿ ಸುಮಾರು 40 ಕಿಲೋಮೀಟರ್, ನಿಮ್ಮ ಆಂಟೆನಾ ನಾಲ್ಕು ಮೀಟರ್ ಮೇಲಿದ್ದರೆ ಇನ್ನೊಂದು 8 ಕಿಲೋಮೀಟರ್. ಗುಡ್ಡ ಅಡ್ಡ ಬಂದರೆ ಇದೂ ಇಲ್ಲ. ಮಹಡಿ ನಿಮಗೆ ಆ ಎಂಟು ಕಿಲೋಮೀಟರ್ ಕೊಡುತ್ತಿದೆ.

ಬೇಸಿಗೆಯ ಅತಿಥಿಯನ್ನು ಕರೆತರುವುದು ಸಮುದ್ರ. ನೀರಿನ ಮೇಲೆ ತಂಪು ಗಾಳಿ, ಅದರ ಮೇಲೆ ಬಿಸಿ ಗಾಳಿ ಪದರ ಕಟ್ಟಿದಾಗ ತರಂಗ ಅವುಗಳ ನಡುವೆ ಕೊಳವೆಯಲ್ಲಿ ಹರಿದಂತೆ ನೂರಾರು ಕಿಲೋಮೀಟರ್ ಸಾಗಿ ಬರುತ್ತದೆ. ಒಂದೇ ತರಂಗಾಂತರದಲ್ಲಿ ಎರಡು ಕೇಂದ್ರ ಬಂದರೆ ಎಫ್‌ಎಂ ರಿಸೀವರ್ ಬಲವಾದದ್ದನ್ನು ಹಿಡಿದು ಇನ್ನೊಂದನ್ನು ಅದುಮಿಬಿಡುತ್ತದೆ. ಕೇಂದ್ರಕ್ಕೆ ದೂರು ಕೊಟ್ಟು ಪ್ರಯೋಜನವಿಲ್ಲ. ಮೊಬೈಲಿನಲ್ಲಿ ಕೇಳುವವರಾದರೆ ಇಯರ್‌ಫೋನ್ ತಂತಿಯೇ ಆಂಟೆನಾ. ಅದನ್ನು ಮುದ್ದೆ ಮಾಡದೆ ಮುಕ್ಕಾಲು ಮೀಟರಿನಷ್ಟು ನೇರ ಬಿಡಿ, ಫರಕು ತಿಳಿಯುತ್ತದೆ.

ಸಣ್ಣ ಊರುಗಳಿಗೂ ಎಫ್‌ಎಂ ಕೊಡುತ್ತಾರೆಂದು 2024ರಲ್ಲಿ ಓದಿದೆ. ನಾವು ನಾಲ್ಕು ಜನ ಸ್ನೇಹಿತರು ಸೇರಿ ನಮ್ಮ ಊರಿನಲ್ಲಿ ಒಂದು ಕೇಂದ್ರ ತೆರೆಯಬಹುದೇ?
— ಅಡಿಕೆ ವ್ಯಾಪಾರಿ, ಶಿವಮೊಗ್ಗ ಜಿಲ್ಲೆ

ನೀವು ಓದಿದ್ದು ನಿಜ. ಅದುವರೆಗೆ ಖಾಸಗಿ ಎಫ್‌ಎಂ ಇಲ್ಲದ 234 ಊರುಗಳಲ್ಲಿ 730 ಚಾನೆಲ್‌ಗಳನ್ನು ಹರಾಜು ಹಾಕಲು ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿತು. ಎಲ್ಲಕ್ಕೂ ಸೇರಿ ಮೂಲಬೆಲೆ ಸುಮಾರು 785 ಕೋಟಿ ರೂಪಾಯಿ. ಆದರೆ ಸ್ನೇಹಿತರ ಕೂಟಕ್ಕೆ ಪರವಾನಗಿ ಸಿಗುವುದಿಲ್ಲ. ಕಂಪನಿ ನೋಂದಾಯಿಸಿ ಹರಾಜಿನಲ್ಲಿ ಕೂಗಬೇಕು. ಕೂಗಿದ ಹಣ ಒಮ್ಮೆ ಕಟ್ಟಿದ ಮೇಲೆ ವರ್ಷ ವರ್ಷವೂ ಒಟ್ಟು ವರಮಾನದ ಶೇ 4ರಷ್ಟು ಶುಲ್ಕ. ಅದು ಲಾಭದ ಮೇಲಲ್ಲ, ವರಮಾನದ ಮೇಲೆ ಎಂಬುದನ್ನು ಎರಡು ಸಲ ಓದಿಕೊಳ್ಳಿ. ಗೋಪುರದ ಬಾಡಿಗೆ, ಟ್ರಾನ್ಸ್‌ಮಿಟರಿನ ವಿದ್ಯುತ್ ಬಿಲ್, ಹಾಡಿನ ರಾಯಧನ ಬೇರೆ.

ಒಂದು ಲೆಕ್ಕ ಹಾಕೋಣ, ಬೆಲೆ ಬರಿಯ ಊಹೆಯದು. ದಿನಕ್ಕೆ ಹದಿನಾರು ಗಂಟೆ, ಗಂಟೆಗೆ ಹನ್ನೆರಡು ನಿಮಿಷ ಜಾಹೀರಾತು ಎಂದರೆ ಹತ್ತು ಸೆಕೆಂಡಿನ 1,152 ತುಣುಕುಗಳು. ಮೂರರಲ್ಲೊಂದು ಪಾಲು ಮಾರಾಟವಾಯಿತು, ತಲಾ 100 ರೂಪಾಯಿ ಸಿಕ್ಕಿತು ಎನ್ನಿ. ದಿನಕ್ಕೆ 38,400, ತಿಂಗಳಿಗೆ ಹನ್ನೊಂದೂವರೆ ಲಕ್ಷ. ಕೇಳಲು ಚೆನ್ನಾಗಿದೆ. ಆದರೆ ದಿನಕ್ಕೆ 384 ತುಣುಕು ಕೊಳ್ಳಲು ನಿಮ್ಮ ಊರಿನಲ್ಲಿ ಎಷ್ಟು ಅಂಗಡಿಗಳಿವೆ? ಒಬ್ಬೊಬ್ಬರೂ ದಿನಕ್ಕೆ ಆರು ಕೊಂಡರೆ, ವರ್ಷದ ಪ್ರತಿ ದಿನವೂ ಅರವತ್ತನಾಲ್ಕು ಜಾಹೀರಾತುದಾರರು ಬೇಕು. ಅಡಿಕೆಯ ಬೆಲೆ ಬಿದ್ದ ವರ್ಷ ಎಷ್ಟು ಮಂದಿ ಉಳಿಯುತ್ತಾರೆ ಎಂದು ನಿಮಗೇ ಗೊತ್ತು. ಮೇಲಾಗಿ ಬಿಲ್ ಕೊಟ್ಟ ದಿನವೇ ಹಣ ಕೈಗೆ ಬರುವುದಿಲ್ಲ, ಎರಡು ಮೂರು ತಿಂಗಳು ತಿರುಗಬೇಕು.

ನಿಮಗೆ ಬೇಕಾದದ್ದು ಊರಿನ ದನಿಯೇ ಹೊರತು ಲಾಭವಲ್ಲ ಎಂದಾದರೆ ಸಮುದಾಯ ರೇಡಿಯೊ ಇದೆ. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೆ, ಶಿಕ್ಷಣ ಸಂಸ್ಥೆಗಳಿಗೆ, ಕೃಷಿ ವಿಜ್ಞಾನ ಕೇಂದ್ರಗಳಿಗೆ ಮಾತ್ರ ಕೊಡುತ್ತಾರೆ. 100 ವ್ಯಾಟ್ ಶಕ್ತಿ, ಹರಾಜಿಲ್ಲ. ಅಲ್ಲೂ ಸುದ್ದಿಗೆ ಕಡಿವಾಣ ಇದ್ದೇ ಇದೆ, ಜಾಹೀರಾತು ಗಂಟೆಗೆ ಹನ್ನೆರಡು ನಿಮಿಷ ಮೀರುವಂತಿಲ್ಲ. ಹತ್ತಿರದ ಕಾಲೇಜಿನವರ ಜೊತೆ ಒಮ್ಮೆ ಮಾತನಾಡಿ ನೋಡಿ.

ನನ್ನ ದನಿ ಗಡುಸಾಗಿಲ್ಲ. ಆರ್‌ಜೆ ಆಗಬಹುದೇ?
— ಪದವಿ ವಿದ್ಯಾರ್ಥಿ, ಧಾರವಾಡ

ಆಗಬಹುದು. ದನಿಗಿಂತ ಕಿವಿ ಮುಖ್ಯ. ಎರಡು ಹಾಡಿನ ನಡುವೆ ಆರ್‌ಜೆ ಆಡುವ ಮಾತಿಗೆ ನಾವು ಲಿಂಕ್ ಎನ್ನುತ್ತೇವೆ. ಇಂದು ನಿಮ್ಮ ಓಣಿಯಲ್ಲಿ ಕಂಡ ಒಂದೇ ಒಂದು ಸಂಗತಿಯನ್ನು ಹಿಡಿದು, ಬರೆದಿಟ್ಟುಕೊಳ್ಳದೆ, ಮೊಬೈಲಿನಲ್ಲಿ ಒಂದು ನಿಮಿಷದ ಮೂರು ಲಿಂಕ್ ಮುದ್ರಿಸಿ. ನಾಳೆ ಕೇಳಿ. ಅದರಲ್ಲಿ 'ಸ್ನೇಹಿತರೇ' ಎಂಬ ಮಾತು ಎಷ್ಟು ಸಲ ಬಂತು ಎಂದು ಎಣಿಸಿ. ಎರಡಕ್ಕಿಂತ ಹೆಚ್ಚಿದ್ದರೆ ಅಳಿಸಿ, ಮತ್ತೆ ಮುದ್ರಿಸಿ.