ಹೊಲಿಗೆ ಪ್ರಶ್ನೋತ್ತರ: ಮೊದಲ ಕೌದಿ

ಪ್ರಶ್ನೆ: ನಮ್ಮ ಅತ್ತೆಯವರ ಹಳೆಯ ನೂಲಿನ ಸೀರೆಗಳು ಪೆಟ್ಟಿಗೆಯಲ್ಲಿವೆ, ಅವುಗಳಲ್ಲಿ ಎರಡು ಇಳಕಲ್ ಸೀರೆಗಳು. ಅವುಗಳಿಂದ ಕೌದಿ ಹೊಲಿಯುವ ಆಸೆಯಿದೆ, ಆದರೆ ನನಗೆ ಗುಂಡಿ ಹಚ್ಚುವಷ್ಟು ಹೊಲಿಗೆ ಮಾತ್ರ ಬರುತ್ತದೆ. ಒಮ್ಮೆ ಪ್ರಯತ್ನಿಸಿದಾಗ ನಡುವೆ ಬಟ್ಟೆ ಉಬ್ಬಿ ಸುಕ್ಕುಗಟ್ಟಿತು. ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ಗದಗ

ಉತ್ತರ: ಕೌದಿಗೆ ಬೇಕಾದುದು ಸೂಜಿಯನ್ನು ಒಳಗೆ ಹೊರಗೆ ಆಡಿಸುತ್ತ ಸಾಗುವ ಸಾದಾ ಹೊಲಿಗೆಯೊಂದೇ, ಗುಂಡಿ ಹಚ್ಚಬಲ್ಲವರಿಗೆ ಅದು ಬಂದೇ ಬರುತ್ತದೆ. ಪದರಗಳನ್ನು ಅಲುಗದಂತೆ ಹಿಡಿಯುವುದನ್ನೇ ನೀವು ಕಲಿಯಬೇಕಾಗಿದೆ.

ಮೊದಲನೆಯದನ್ನು ಕೂಸಿಗೆ ಹೊದಿಸುವ ಅಳತೆಯಲ್ಲಿ, 90 ಸೆಂ.ಮೀ. ಚೌಕವಾಗಿ ಹೊಲಿಯಿರಿ. ಸಾಲುಗಳ ನಡುವೆ ಒಂದೂವರೆ ಸೆಂ.ಮೀ. ಅಂತರವಿಟ್ಟರೆ ಇಷ್ಟಕ್ಕೇ ಸುಮಾರು 54 ಮೀಟರ್ ಹೊಲಿಗೆ ಬೀಳುತ್ತದೆ. ಆರಡಿಗೆ ನಾಲ್ಕಡಿಯ ಕೌದಿಗಾದರೆ ಅದು 150 ಮೀಟರಿನಷ್ಟಾಗುತ್ತದೆ.

ಸೀರೆಗಳನ್ನು ಒಗೆದು ಒಣಗಿಸಿ, ಬೆಳಕಿಗೆ ಹಿಡಿದು ನೋಡಿ. ಸವೆದ ಭಾಗ ಜಾಳುಜಾಳಾಗಿ ಕಾಣುತ್ತದೆ. ಅದು ಒಳಪದರಕ್ಕೆ ಸಾಕು, ಗಟ್ಟಿಯಾದುದನ್ನು ಮೇಲಿನ ಮತ್ತು ಕೆಳಗಿನ ಪದರಗಳಿಗೆ ಇಟ್ಟುಕೊಳ್ಳಿ. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ನೂಲಿನದಾದರೂ ಸೆರಗು ರೇಷ್ಮೆಯದಾಗಿರುತ್ತದೆ. ಎರಡೂ ಒಗೆತದಲ್ಲಿ ಒಂದೇ ಬಗೆಯಾಗಿ ವರ್ತಿಸುವುದಿಲ್ಲವಾದ್ದರಿಂದ ಸೆರಗನ್ನು ಕತ್ತರಿಸಿ ಬೇರೆ ಎತ್ತಿಡಿ. ಅಂಥ ಸೆರಗನ್ನು ಪ್ರತ್ಯೇಕವಾಗಿ ಜೋಪಾನ ಮಾಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಗಾಢ ಬಣ್ಣದ ಬಟ್ಟೆಯನ್ನು ಒದ್ದೆಯಾದ ಬಿಳಿ ಅರಿವೆಯಿಂದ ಉಜ್ಜಿ ನೋಡಿ. ಬಣ್ಣ ಅಂಟಿದರೆ ಅದನ್ನು ಕೈಬಿಡಿ.

ಇನ್ನು ಸುಕ್ಕಿನ ವಿಷಯ. ಕೆಳಗಿನ ಪದರವನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗಳಿಗೂ ಭಾರವಿಟ್ಟು, ಮೇಲಿನ ಒಂದೊಂದು ಪದರವನ್ನೂ ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತ ಕೂಡಿಸಿ. ಬಳಿಕ ಗೇಣಿಗಿಂತ ಕಡಿಮೆ ಅಂತರದಲ್ಲಿ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆ ಹಾಕಿ. ಬೇಸರದ ಕೆಲಸವೆಂದು ಇದನ್ನು ಬಿಟ್ಟವರ ಕೌದಿಯೇ ಉಬ್ಬುವುದು. ಪಕ್ಕಾ ಹೊಲಿಗೆಯನ್ನು ನಡುಗೆರೆಯಿಂದ ಆರಂಭಿಸಿ ಎರಡೂ ಬದಿಗೆ ಸಾಗಿದರೆ ಹೆಚ್ಚುವರಿ ಬಟ್ಟೆ ಅಂಚಿಗೆ ಸರಿದುಹೋಗುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಇದಕ್ಕೆ ತದ್ವಿರುದ್ಧವಾಗಿ ಅಂಚಿನಿಂದ ಸುತ್ತುತ್ತ ನಡುವಿಗೆ ಬರುತ್ತಾರೆ, ಆದರೂ ಅವರ ಕೌದಿ ಉಬ್ಬುವುದಿಲ್ಲ. ಅವರು ತೇಪೆಗಳನ್ನು ಮೊದಲೇ ಜೋಡಿಸಿಕೊಳ್ಳದೆ, ಹೊಲಿಗೆ ತಲುಪಿದಾಗಲೇ ಒಂದೊಂದನ್ನಿಟ್ಟು ಅಂಚು ಮಡಚುತ್ತಾರಾದ್ದರಿಂದ ಹೆಚ್ಚಾದ ಬಟ್ಟೆಯೆಲ್ಲ ಆ ಮಡಿಕೆಯಲ್ಲೇ ಅಡಗುತ್ತದೆ. ಕೊನೆಗೆ ಮೂಲೆಗಳಿಗೆ ಮಡಚಿದ ಬಟ್ಟೆಯ ಮುಕ್ಕೋನಗಳನ್ನು ಹಚ್ಚುತ್ತಾರೆ. ಎಷ್ಟು ಸುಂದರವಾದ ವಿಧಾನವಿದು! ಕೈ ಪಳಗಿದ ಮೇಲೆ ನೀವೂ ಇದನ್ನು ಖಂಡಿತ ಕೈಗೆತ್ತಿಕೊಳ್ಳಬೇಕು.

ದಪ್ಪ ಹತ್ತಿ ದಾರವನ್ನು ಮೊಳದುದ್ದಕ್ಕಿಂತ ಹೆಚ್ಚು ಪೋಣಿಸಬೇಡಿ. ಉದ್ದವಾದಷ್ಟೂ ಅದು ಸಿಕ್ಕಾಗಿ ಸವೆಯುತ್ತದೆ. ಗಂಟು ಪದರಗಳ ನಡುವೆ ಅಡಗಿರಲಿ. ಸೂಜಿಯ ಮೇಲೆ ಮೂರು ನಾಲ್ಕು ಹೊಲಿಗೆ ಕೂಡಿದ ಮೇಲೆ ದಾರ ಎಳೆಯಿರಿ, ಎಳೆದೊಡನೆ ಸಾಲನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ಸಡಿಲಿಸಿ. ಒಂದೊಂದು ಹೊಲಿಗೆ ಅಕ್ಕಿಕಾಳಿನಷ್ಟಿದ್ದರೆ ಸಾಕು. ಸಣ್ಣದಾಗಿರುವುದಕ್ಕಿಂತ ಸಮನಾಗಿರುವುದು ಮುಖ್ಯ.

ಪ್ರಶ್ನೆ: ಇದನ್ನೇ ಮನೆಯ ಹೊಲಿಗೆ ಯಂತ್ರದಲ್ಲಿ ಹೊಲಿಯಬಹುದೇ?
– ಇನ್ನೊಬ್ಬ ಓದುಗರು, ತುಮಕೂರು

ಉತ್ತರ: ತುಂಡುಗಳನ್ನು ಒಂದಕ್ಕೊಂದು ಕೂಡಿಸಲು ಯಂತ್ರ ಅನುಕೂಲವೇ. ಪದರಗಳನ್ನು ಸೇರಿಸುವಾಗ ಮಾತ್ರ ಯಂತ್ರದ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಮುಂದಕ್ಕೆ ತಳ್ಳುತ್ತವೆ, ಮೇಲಿನದನ್ನು ಪಾದ ಒತ್ತಿ ಹಿಡಿದಿರುತ್ತದೆ. ಆದ್ದರಿಂದ ಪದರಗಳು ಜಾರುತ್ತವೆ. ಪಾದದ ಒತ್ತಡವನ್ನು ಕಡಿಮೆ ಮಾಡಿ, ಹೊಲಿಗೆಯನ್ನು ಆದಷ್ಟು ಉದ್ದಕ್ಕೆ ಹೊಂದಿಸಿಕೊಳ್ಳಿ. ಒತ್ತೊತ್ತಾದ ಹೊಲಿಗೆ ಹಳೆಯ ಸೀರೆಯಲ್ಲಿ ಸಾಲಾಗಿ ತೂತು ಮಾಡುವುದರಿಂದ ಬಟ್ಟೆ ಆ ಗೆರೆಯಗುಂಟ ಹರಿಯುತ್ತದೆ.