ಗುಂಡಿಗೆ ಮೇಣವೋ, ಲೇಪನವೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಗೆ .32 ಪಿಸ್ತೂಲಿನಲ್ಲಿ ಅಭ್ಯಾಸ ಮಾಡುತ್ತೇನೆ. ಮೇಣ ಸವರಿದ ಸೀಸದ ಗುಂಡಿನಿಂದ ಹೊಗೆ ಹೆಚ್ಚು, ಬ್ಯಾರೆಲ್ಲಿಗೂ ಸೀಸ ಹಿಡಿಯುತ್ತದೆ. ಹೊರದೇಶಗಳಲ್ಲಿ ರೀಲೋಡ್ ಮಾಡುವವರು (ಹಾರಿಸಿದ ತೋಟಾದ ಖಾಲಿ ಕೇಸಿಗೆ ಮತ್ತೆ ಮದ್ದು, ಗುಂಡು ತುಂಬಿಕೊಳ್ಳುವವರು) ಬಣ್ಣದ ಲೇಪನದ ಗುಂಡು ಬಳಸುತ್ತಾರಂತೆ. ಅದರಿಂದ ಎರಡೂ ತೊಂದರೆ ತಪ್ಪುತ್ತವೆಯೇ? (ಓದುಗರು, ರಾಜಾಜಿನಗರ)

ಉತ್ತರ: ಮೇಣದ ಹೊಗೆ ಖಂಡಿತ ತಪ್ಪುತ್ತದೆ. ಸೀಸ ಹಿಡಿಯುವುದು ತಪ್ಪುತ್ತದೋ ಇಲ್ಲವೋ ಎಂಬುದು ಗುಂಡಿನ ಅಳತೆಗೆ ಬಿಟ್ಟದ್ದು.

ಮೊದಲು ಕಾನೂನಿನ ಮಾತು. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಪಿಸ್ತೂಲು ಇಟ್ಟುಕೊಳ್ಳಲು ಸಿಕ್ಕ ಪರವಾನಗಿಯನ್ನೇ ಅದಕ್ಕೂ ಅನುಮತಿ ಎಂದುಕೊಳ್ಳಬೇಡಿ. ಹಾಗಾಗಿ ಈ ಉತ್ತರವನ್ನು ತೋಟಾ ಆರಿಸಿಕೊಳ್ಳುವುದಕ್ಕೆ, ಬ್ಯಾರೆಲ್ ನೋಡಿಕೊಳ್ಳುವುದಕ್ಕೆ ಬಳಸಿ.

ಎರಕದ ಸೀಸದ ಗುಂಡಿನ ಮೈಸುತ್ತ ಇರುವ ತೋಡಿನಲ್ಲಿ ಜೇನುಮೇಣ ಮತ್ತು ಆಲಾಕ್ಸ್ ಎಂಬ ಪೆಟ್ರೋಲಿಯಂ ಮೂಲದ ಜಿಡ್ಡು ಬೆರೆಸಿ ತುಂಬುತ್ತಾರೆ. ಸಾಮಾನ್ಯವಾಗಿ ಎರಡೂ ಸಮಪಾಲು. ಮದ್ದು ಉರಿದಾಗ ಈ ಮೇಣವೂ ಉರಿಯುವುದರಿಂದಲೇ ನಿಮಗೆ ಕಾಣುವ ಹೊಗೆ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ತೋಟಾ ಇಟ್ಟರೆ ಮೇಣ ಮೆತ್ತಗಾಗಿ ಧೂಳು ಅಂಟಿಕೊಳ್ಳುತ್ತದೆ. ಲೇಪನದ ಗುಂಡು ಒಣಗಿರುತ್ತದೆ. ಪಾಲಿಮರ್ ಪುಡಿಯನ್ನು ಗುಂಡಿಗೆ ಹತ್ತಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷದಷ್ಟು ಬೇಯಿಸಿರುತ್ತಾರೆ. ಸೀಸ ಕರಗುವುದು 327 ಡಿಗ್ರಿಯಲ್ಲಾದ್ದರಿಂದ ಗುಂಡಿನ ಆಕಾರ ಕೆಡುವುದಿಲ್ಲ. ಆದರೆ ಬಿಸಿಯಿದ್ದಾಗಲೇ ತಣ್ಣೀರಿಗೆ ಹಾಕಿ ಗಟ್ಟಿ ಮಾಡಿದ ಮಿಶ್ರಲೋಹದ ಗುಂಡನ್ನು ಬೇಯಿಸಿ ನಿಧಾನವಾಗಿ ಆರಲು ಬಿಟ್ಟರೆ ಆ ಗಟ್ಟಿತನ ಇಳಿದುಹೋಗುತ್ತದೆ.

ಈಗ ಸೀಸ ಹಿಡಿಯುವ ವಿಷಯ. ಬ್ಯಾರೆಲ್ಲಿನ ಗ್ರೂವ್ (ಒಳಗೋಡೆಯ ಸುರುಳಿ ತೋಡು) ವ್ಯಾಸಕ್ಕಿಂತ ಗುಂಡು ಇಂಚಿನ ಸಾವಿರದಲ್ಲೊಂದು ಭಾಗ ದಪ್ಪವಿರಬೇಕು. ಗ್ರೂವ್ 0.312 ಇಂಚಿದ್ದರೆ ಗುಂಡು 0.313. ಗುಂಡು ಸಣ್ಣದಾದರೆ ಪಕ್ಕದ ಸಂದಿನಿಂದ ಬಿಸಿ ಅನಿಲ ನುಗ್ಗಿ ಸೀಸವನ್ನು ಕೊರೆದು ಗೋಡೆಗೆ ಮೆತ್ತುತ್ತದೆ. ಲೇಪನ ಇದನ್ನು ಸ್ವಲ್ಪ ತಡೆದೀತು, ಅಳತೆಯ ತಪ್ಪನ್ನು ಸರಿ ಮಾಡಲಾರದು. ಪುಡಿಲೇಪನ ತಾನೂ ವ್ಯಾಸವನ್ನು ಹಿಗ್ಗಿಸುವುದರಿಂದ ಬಲ್ಲವರು ಲೇಪನ ಆದ ಮೇಲೆ ಅಚ್ಚಿನಲ್ಲಿ ತೂರಿಸಿ ಅಳತೆಗೆ ತರುತ್ತಾರೆ.

ಸೀಸ ಎಲ್ಲಿ ಹಿಡಿದಿದೆ ನೋಡಿ, ಕಾರಣ ತಾನಾಗಿ ತಿಳಿಯುತ್ತದೆ. ಚೇಂಬರಿನ ಹತ್ತಿರವೇ ಹಿಡಿದಿದ್ದರೆ ಗುಂಡು ಸಣ್ಣದು ಎಂದು ಮೊದಲು ಅನುಮಾನಿಸಿ. ಮೂತಿಯ ಕಡೆ ಹಿಡಿದಿದ್ದರೆ ದಾರಿಯಲ್ಲೇ ಮೇಣ ಮುಗಿದುಹೋಗಿದೆ. ಇಂಥಲ್ಲಿ ಲೇಪನ ನಿಜವಾಗಿ ನೆರವಾಗುತ್ತದೆ, ಏಕೆಂದರೆ ಅದು ಮೂತಿಯವರೆಗೂ ಗುಂಡಿನ ಮೈಮೇಲೇ ಇರುತ್ತದೆ.

ನಿಮ್ಮ ಸ್ಪರ್ಧೆಯ .32 ವಾಡ್‌ಕಟರ್ (ಮೂತಿ ಚಪ್ಪಟೆಯಾದ ಗುರಿಗುಂಡು) ಮೆತ್ತನೆಯ ಸೀಸದ್ದು, ವೇಗವೂ ಕಡಿಮೆ. ಬುಡ ಟೊಳ್ಳಾದ ಗುಂಡಾದರೆ ಅದರ ಅಂಚು ಒತ್ತಡಕ್ಕೆ ಅರಳಿ ಬ್ಯಾರೆಲ್ಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಗುಂಡುಗಳು ಗುರಿಯಲ್ಲಿ ಒತ್ತೊತ್ತಾಗಿ ಬೀಳುತ್ತಿದ್ದರೆ ಬರೀ ಹೊಗೆಗಾಗಿ ತೋಟಾ ಬದಲಾಯಿಸಬೇಡಿ ಎಂಬುದೇ ನಮ್ಮ ಸಲಹೆ.

ಪ್ರಶ್ನೆ: ಲೇಪನ ಚೆನ್ನಾಗಿದೆ ಎಂದು ಗುರುತಿಸುವುದು ಹೇಗೆ? (ಓದುಗರು, ಕೆಂಗೇರಿ)

ಉತ್ತರ: ಬಿಡಿ ಗುಂಡಿನಲ್ಲಿ ಮಾತ್ರ ಪರೀಕ್ಷಿಸಿ, ತುಂಬಿದ ತೋಟಾ ಮುಟ್ಟಬೇಡಿ. ಅಸಿಟೋನ್‌ನಲ್ಲಿ ನೆನೆಸಿದ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಬಿಟ್ಟರೆ ಸರಿಯಾಗಿ ಬೆಂದಿಲ್ಲ. ಸುತ್ತಿಗೆಯಿಂದ ಚಪ್ಪಟೆ ಮಾಡಿದಾಗ ಪದರ ಹಾಳೆಯಂತೆ ಎದ್ದರೆ ಸೀಸಕ್ಕೆ ಹಿಡಿದಿಲ್ಲ. ಬಹುಮಟ್ಟಿಗೆ ಗುಂಡಿನ ಮೇಲೆ ಎಣ್ಣೆಯ ಅಂಶ ಉಳಿದಿದ್ದೇ ಕಾರಣ. ಚೆನ್ನಾಗಿ ಬೆಂದ ಲೇಪನವೂ ಕೇಸಿನ ಬಾಯಿ ಸಾಕಷ್ಟು ಅರಳಿರದಿದ್ದರೆ ಅಥವಾ ಕ್ರಿಂಪ್ (ಗುಂಡು ಕೂರಿಸಿ ಕೇಸಿನ ಬಾಯಿ ಅದುಮುವುದು) ಬಿಗಿಯಾದರೆ ಅಲ್ಲೇ ಹೆರೆದುಹೋಗುತ್ತದೆ. ಗುಂಡಿನ ಸುತ್ತ ಹೊಳೆಯುವ ಬೆಳ್ಳಿಗೆರೆ ಕಂಡರೆ ಅದೇ.

ಪ್ರಶ್ನೆ: ಹಿಡಿದ ಸೀಸ ತೆಗೆಯಲು ವಿನಿಗರ್, ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಬ್ಯಾರೆಲ್ಲಿಗೆ ಹಾಕಬಹುದೇ? (ಓದುಗರು, ಬಸವನಗುಡಿ)

ಉತ್ತರ: ದಯವಿಟ್ಟು ಬೇಡ. ಸೀಸ ಕರಗುತ್ತದೆ ನಿಜ, ಆದರೆ ಆಗುವುದು ಸೀಸದ ಅಸಿಟೇಟ್. ಅದು ನೀರಿನಲ್ಲಿ ಕರಗುವ ವಿಷ. ಬಚ್ಚಲಿಗೆ ಚೆಲ್ಲಿದರೆ ಚರಂಡಿ ಸೇರುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಉಕ್ಕೂ ಕೊರೆಯುತ್ತದೆ.

ಆಯುಧ ಖಾಲಿ ಇದೆಯೇ ಎಂದು ಎರಡು ಸಲ ನೋಡಿ. ಸವೆದ ಬ್ರಾಂಜ್ ಬ್ರಷ್‌ಗೆ ಅಪ್ಪಟ ತಾಮ್ರದ ಪಾತ್ರೆಯುಜ್ಜುವ ನಾರಿನ ಎಳೆ ಸುತ್ತಿ, ಸ್ವಲ್ಪ ತೆಳು ಎಣ್ಣೆ ಹಾಕಿ ಬ್ಯಾರೆಲ್ಲಿನಲ್ಲಿ ಹಿಂದೆಮುಂದೆ ಓಡಿಸಿ. ನಾರಿಗೆ ಅಯಸ್ಕಾಂತ ಅಂಟಿದರೆ ಅದು ತಾಮ್ರ ಬಳಿದ ಉಕ್ಕು, ರೈಫ್ಲಿಂಗ್ (ಬ್ಯಾರೆಲ್ ಒಳಗಿನ ಸುರುಳಿ ತೋಡುಗಳು) ಗೀಚುತ್ತದೆ, ಬಳಸಬೇಡಿ. ಕೈಗವಸು ಹಾಕಿಕೊಳ್ಳಿ. ಉದುರಿದ ಚೂರು, ಒರೆಸಿದ ಬಟ್ಟೆ ಎಲ್ಲವನ್ನೂ ಮುಚ್ಚಿದ ಡಬ್ಬದಲ್ಲಿಡಿ, ಹಸಿಕಸ–ಒಣಕಸದ ಬುಟ್ಟಿಗೆ ಹಾಕಬೇಡಿ.

ಪ್ರಶ್ನೆ: ಲೇಪನದ ಗುಂಡಾದರೆ ಸೀಸದ ಭಯ ಬೇಡವಲ್ಲವೇ? ಮನೆಯಲ್ಲಿ ಚಿಕ್ಕ ಮಗುವಿದೆ. (ಓದುಗರು, ವಿಜಯನಗರ)

ಉತ್ತರ: ಭಯ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಸಾಮಾನ್ಯ ಪ್ರೈಮರ್‌ನಲ್ಲೇ ಸೀಸದ ಸ್ಟಿಫ್ನೇಟ್ ಇರುತ್ತದೆ. ಪ್ರತಿ ಗುಂಡಿಗೂ ಅದು ಹೊಗೆಯಾಗಿ ನಿಮ್ಮ ಮೂಗಿನ ಮುಂದೆಯೇ ಏಳುತ್ತದೆ. ಗುರಿಯ ಹಿಂದಿನ ತಡೆಗೆ ಬಡಿದಾಗ ಲೇಪನ ಒಡೆದು ಒಳಗಿನ ಸೀಸ ಪುಡಿಯಾಗುತ್ತದೆ. ಮಗುವಿನ ವಿಷಯದಲ್ಲಿ ರಿಯಾಯಿತಿ ತೋರಿಸಬೇಡಿ. ರೇಂಜ್‌ನಲ್ಲೇ ಸೋಪು ಹಚ್ಚಿ ತಣ್ಣೀರಿನಲ್ಲಿ ಕೈ, ಮುಖ ತೊಳೆಯಿರಿ, ಅಲ್ಲಿ ತಿಂಡಿ ಬೇಡ. ಬೂಟು ಬಾಗಿಲ ಹೊರಗೇ ಇರಲಿ. ಅಂಗಿ ಬದಲಾಯಿಸಿ, ಬೇರೆಯಾಗಿ ಒಗೆದು, ಆಮೇಲೆ ಮಗುವನ್ನು ಎತ್ತಿಕೊಳ್ಳಿ. ವಾರಕ್ಕೆ ಹಲವು ದಿನ ಅಭ್ಯಾಸವಿದ್ದರೆ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ವೈದ್ಯರಿಗೆ ತೋರಿಸಿ. ಮಗುವಿನ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.